24 ಹಸುಗಳಲ್ಲಿ 10 ಗಬ್ಬವಾಗಿಲ್ಲ: ಕಾರಣವನ್ನು ಎಲ್ಲಿಂದ ಹುಡುಕಲಿ?

ಕೆಂಪು ಹಿಂಡು:

ನನ್ನದು ಮಾಂಸದ ತಳಿಯ ಚಿಕ್ಕ ಹಿಂಡು. ಈ ಸಲ ಗೂಳಿಯ ಜೊತೆ ಬಿಟ್ಟ ಹೆಣ್ಣುಗಳು 24. ಅವುಗಳಲ್ಲಿ ಮೂರು ಇನ್ನೂ ಈಯದ ಕಡಸುಗಳು, ನಾಲ್ಕು ಚೊಚ್ಚಲ ಕರುವಿಗೆ ಹಾಲೂಡುತ್ತಿದ್ದ ಹಸುಗಳು, ಉಳಿದ 17 ಹಲವು ಸೂಲು ಕಂಡವು. ಗೂಳಿ ಒಂದೇ. ಅದಕ್ಕೆ ಐದು ವರ್ಷ, ನನ್ನ ಹಿಂಡಿನಲ್ಲಿ ಇದು ಅದರ ಮೂರನೆಯ ವರ್ಷ. 75 ದಿನ ಬಿಟ್ಟಿದ್ದು ಬೇರೆ ಮಾಡಿದೆ. ಅದಾಗಿ ಎರಡು ತಿಂಗಳ ಮೇಲೆ ಪಶುವೈದ್ಯರು ಬಂದು ಒಂದೊಂದನ್ನೇ ಕೈಹಾಕಿ ನೋಡಿದರು. 14 ಗಬ್ಬ, 10 ಖಾಲಿ. ಹಿಂದಿನ ವರ್ಷಗಳಲ್ಲಿ ಖಾಲಿ ಉಳಿಯುತ್ತಿದ್ದದ್ದು ಒಂದು, ಹೆಚ್ಚೆಂದರೆ ಎರಡು.

ಸುತ್ತಲಿನವರದೆಲ್ಲ ಒಂದೇ ಮಾತು: ಖಾಲಿ ಹಸುವಿಗೆ ವರ್ಷವಿಡೀ ಮೇವು ಹಾಕಬೇಡ, ಹತ್ತನ್ನೂ ಮಾರಿಬಿಡು. ಒಂದೆರಡಾಗಿದ್ದರೆ ನಾನೂ ಮಾರುತ್ತಿದ್ದೆ. ಐದರಲ್ಲಿ ಎರಡು ಪಾಲು ಹಿಂಡು ಖಾಲಿ ಉಳಿದಾಗ ತಪ್ಪು ಹಸುಗಳದ್ದೇ ಎಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ಕಾರಣ ತಿಳಿಯದೆ ಮಾರಿದರೆ ಒಳ್ಳೆಯ ಹಸುಗಳು ಹೊರಟುಹೋಗಿ, ಕಾರಣ ಮಾತ್ರ ನನ್ನ ದೊಡ್ಡಿಯಲ್ಲೇ ಉಳಿಯಬಹುದು.

11ನೆಯ ಸಂಖ್ಯೆಯ ಹಸುವನ್ನೇ ನೋಡಿ. ಅದಕ್ಕೆ ಹತ್ತು ವರ್ಷ. ಮೊದಲ ಸೂಲಿನಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪಿದ್ದಿಲ್ಲ. ಪ್ರತಿ ಸಲವೂ ಮೊದಲು ಈಯುವ ಹಸುಗಳ ಸಾಲಿನಲ್ಲೇ ಇರುತ್ತಿತ್ತು. ಈ ಸಲ ಅದೂ ಖಾಲಿ. ಆದರೆ ಅದು ಬೆದೆಗೆ ಬಂದದ್ದನ್ನು ನಾನು ಕಂಡಿದ್ದೇನೆ, ಗೂಳಿ ಹಾರಿದ್ದನ್ನೂ ಕಂಡಿದ್ದೇನೆ. ಗೂಳಿಯನ್ನು ಹಿಂಡಿಗೆ ಬಿಡುವ ಮೊದಲು ಪರೀಕ್ಷೆ ಮಾಡಿಸಿದ್ದೆ. ವೃಷಣದ ಸುತ್ತಳತೆ 38 ಸೆಂಟಿಮೀಟರ್, ವೀರ್ಯ ಚೆನ್ನಾಗಿದೆ ಎಂದು ಚೀಟಿ ಬರೆದುಕೊಟ್ಟಿದ್ದರು. ಹಾಗಾದರೆ ಗೂಳಿಯ ತಪ್ಪು ಅಲ್ಲ ಎಂದುಕೊಳ್ಳಬೇಕೇ?

ಚೊಚ್ಚಲ ಹಸುಗಳು ಮಾತ್ರ ಸ್ವಲ್ಪ ಬಡವಾಗಿವೆ, ಪಕ್ಕೆಲುಬು ಕಾಣುತ್ತದೆ. ಯಾವ ಹಸುವೂ ಕಂದು ಹಾಕಿದ್ದನ್ನು, ಅಂದರೆ ಗರ್ಭಪಾತವಾದದ್ದನ್ನು, ಕಂಡಿಲ್ಲ; ಹುಲ್ಲುಗಾವಲಿನಲ್ಲಿ ಮಾಸು ಬಿದ್ದಿದ್ದೂ ಕಣ್ಣಿಗೆ ಬಿದ್ದಿಲ್ಲ. ಒಂದು ಕಡೆಯ ಬೇಲಿಯಾಚೆ ಇನ್ನೊಬ್ಬರ ಹಿಂಡಿದೆ. ಮೇವಿನಿಂದ ಶುರು ಮಾಡಲೇ, ರಕ್ತ ಪರೀಕ್ಷೆಯಿಂದಲೇ, ಮತ್ತೆ ಗೂಳಿಯಿಂದಲೇ? ಎಲ್ಲವನ್ನೂ ಒಟ್ಟಿಗೆ ಮಾಡಿಸುವ ಶಕ್ತಿ ಚಿಕ್ಕ ಹಿಂಡಿಗೆ ಇರುವುದಿಲ್ಲ. ಅನುಭವವಿದ್ದವರು ದಾರಿ ಹೇಳಿ.

ಸೂಲಿನ ಲೆಕ್ಕ:

ಯಾವ ಪರೀಕ್ಷೆಗೂ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಹತ್ತು ಖಾಲಿ ಎನ್ನುವುದು ಬರೀ ಸಂಖ್ಯೆ. ಯಾವ ಹತ್ತು ಎನ್ನುವುದರಲ್ಲಿ ಅರ್ಧ ಉತ್ತರ ಸಿಗುತ್ತದೆ. ಪ್ರತಿ ಹಸುವಿನ ಎದುರು ವಯಸ್ಸು, ಕಳೆದ ಸಲ ಈದ ದಿನ, ಗೂಳಿ ಬಿಟ್ಟಾಗಿನ ಮೈಕಟ್ಟು, ಈಗ ಗಬ್ಬವೋ ಅಲ್ಲವೋ, ಗಬ್ಬವಾದರೆ ವೈದ್ಯರು ಎಷ್ಟು ತಿಂಗಳೆಂದು ಹೇಳಿದರು ಎಂದು ಬರೆಯಿರಿ. ಈ ಕೊನೆಯದನ್ನು ಬಹಳ ಜನ ಕೇಳಿಟ್ಟುಕೊಳ್ಳುವುದೇ ಇಲ್ಲ.

ಲೆಕ್ಕ ಹೀಗೆ. ಗಬ್ಬದ ಅವಧಿ ಸುಮಾರು 283 ದಿನ. ವರ್ಷಕ್ಕೊಂದು ಕರು ಬೇಕಾದರೆ ಈದ 82 ದಿನಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಬಲಿತ ಹಸು ಈದ 50ರಿಂದ 60 ದಿನಗಳಿಗೆ ಬೆದೆಗೆ ಬರುತ್ತದೆ. ಚೊಚ್ಚಲ ಹಸು ತಾನೂ ಬೆಳೆಯಬೇಕು, ಕರುವಿಗೆ ಹಾಲೂ ಕೊಡಬೇಕು. ಅದಕ್ಕೆ 80ರಿಂದ 100 ದಿನ ಬೇಕಾಗುತ್ತದೆ, ಬಡವಾಗಿದ್ದರೆ ಇನ್ನೂ ತಡ. ಬೆದೆಗೇ ಬಾರದ ಹಸುವಿನ ಎದುರು ಎಂಥ ಗೂಳಿ ನಿಂತರೂ ಅಷ್ಟೆ.

ಬೆದೆಗೆ ಬರುತ್ತಿರುವ ಹಸುಗಳ ಕಥೆ ಬೇರೆ. ಒಳ್ಳೆಯ ಗೂಳಿಯಿದ್ದರೆ 21 ದಿನಗಳ ಒಂದು ಬೆದೆಯ ಸುತ್ತಿಗೆ ಶೇಕಡಾ 60ರಿಂದ 70 ಹಸುಗಳು ಗಬ್ಬ ನಿಲ್ಲುತ್ತವೆ. 65 ಎಂದಿಟ್ಟುಕೊಳ್ಳಿ. ನೂರು ಹಸುಗಳಲ್ಲಿ ಮೊದಲ ಸುತ್ತಿನ ಬಳಿಕ 35 ಉಳಿಯುತ್ತವೆ, ಎರಡನೆಯದರ ಬಳಿಕ 12, ಮೂರನೆಯದರ ಬಳಿಕ ನಾಲ್ಕು. ಅದೇ ಗೂಳಿ ಸುತ್ತಿಗೆ 30ರಷ್ಟನ್ನೇ ನಿಲ್ಲಿಸಿದರೆ ಮೂರು ಸುತ್ತಿನ ಮೇಲೂ ಸುಮಾರು 34 ಖಾಲಿ ಉಳಿಯುತ್ತವೆ. ನಿಮ್ಮ 24ರಲ್ಲಿ 10 ಎಂದರೆ ಶೇಕಡಾ 42. ಇದು ದುರದೃಷ್ಟ ಎಂದು ಬಿಟ್ಟುಬಿಡುವ ಅಂಕಿಯಲ್ಲ.

ಉಪ್ಪಿನ ಗಟ್ಟಿ:

ಹಸುಗಳ ಮೈಯಲ್ಲಿ ತಾಮ್ರ ಸಾಕಷ್ಟಿದೆಯೇ ನೋಡಿಸಿ. ಸೆಲೆನಿಯಂ ಮತ್ತು ಸತುವನ್ನೂ ನೋಡಿಸಿ. ನಮ್ಮ ಬಾವಿಯ ನೀರಿನಲ್ಲಿ ಗಂಧಕದ ಅಂಶ ಹೆಚ್ಚು. ಗಂಧಕವಾಗಲಿ ಮಾಲಿಬ್ಡಿನಂ ಆಗಲಿ ಮೇವಿನಲ್ಲಿ, ನೀರಿನಲ್ಲಿ ಹೆಚ್ಚಿದ್ದರೆ ತಾಮ್ರವನ್ನು ಕಟ್ಟಿಹಾಕುತ್ತವೆ. ಹಸು ತಿಂದ ತಾಮ್ರ ಮೈಗೆ ಹತ್ತುವುದಿಲ್ಲ. ನಮ್ಮ ಹಸುಗಳ ಕೆಂಪು ಕೂದಲು ಬಣ್ಣಗೆಟ್ಟು ಒಣಹುಲ್ಲಿನಂತೆ ಕಾಣುತ್ತಿತ್ತು, ಬೆದೆ ಸರಿಯಾಗಿ ಕಾಣುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿ ಎಂದೇ ಬಂತು. ಯಕೃತ್ತಿನ ಚೂರು ತೆಗೆದು ನೋಡಿದಾಗಲೇ ನಿಜ ತಿಳಿದದ್ದು, ಏಕೆಂದರೆ ಯಕೃತ್ತಿನ ದಾಸ್ತಾನು ಬರಿದಾಗುವವರೆಗೂ ರಕ್ತದಲ್ಲಿ ತಾಮ್ರ ಸಾಕಷ್ಟು ಇರುವಂತೆಯೇ ತೋರುತ್ತದೆ. ನಿಮ್ಮ ಹಸುಗಳ ಕೂದಲು ಹೇಗಿದೆ?

ಪಶುವೈದ್ಯೆ:

ಖನಿಜದ ಕೊರತೆ ಇರಬಹುದು, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಒಂದೇ ವರ್ಷದಲ್ಲಿ ಒಂದೆರಡರಿಂದ ಹತ್ತಕ್ಕೆ ಜಿಗಿತ ಎಂದರೆ ನಾನು ಮೊದಲು ನೋಡುವುದು ಗೂಳಿಯನ್ನು. ಒಂದು ಹಸು ಕೆಟ್ಟರೆ ಒಂದು ಕರು ಹೋಗುತ್ತದೆ. ಒಂದೇ ಗೂಳಿಯಿರುವ ಹಿಂಡಿನಲ್ಲಿ ಗೂಳಿ ಕೆಟ್ಟರೆ ಇಡೀ ಹಿಂಡಿನ ಕರುಗಳು ಹೋಗುತ್ತವೆ.

ಪರೀಕ್ಷೆಯಲ್ಲಿ ತೇರ್ಗಡೆಯಾಗಿತ್ತು ಎಂದಿದ್ದೀರಿ. ಆ ಪರೀಕ್ಷೆ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಎರಡು ವರ್ಷ ದಾಟಿದ ಗೂಳಿಗೆ ಸುತ್ತಳತೆ ಕನಿಷ್ಠ 34 ಸೆಂಟಿಮೀಟರ್ ಇರಬೇಕು, ಶೇಕಡಾ 30 ವೀರ್ಯಾಣುಗಳಾದರೂ ಮುಂದಕ್ಕೆ ಚಲಿಸಬೇಕು, 70ರಷ್ಟಾದರೂ ಸರಿಯಾದ ಆಕಾರದಲ್ಲಿರಬೇಕು. ಇವು ಅದರ ಮುಖ್ಯ ಅಳತೆಗೋಲುಗಳು. ಗೂಳಿಗೆ ಬೆದೆಯ ಹಸುವಿನ ಮೇಲೆ ಆಸಕ್ತಿ ಇದೆಯೇ, ಹಾರಿದ ಮೇಲೆ ಕೆಲಸ ಮುಗಿಸಬಲ್ಲುದೇ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಪರೀಕ್ಷೆಯ ಮರುವಾರವೇ ಜ್ವರ ಬರಬಹುದು, ಕಾಲು ಉಳುಕಬಹುದು, ಜನನಾಂಗಕ್ಕೆ ಪೆಟ್ಟಾಗಬಹುದು.

ಗೂಳಿ ಹಾರಿದ್ದನ್ನು ಕಂಡೆ ಎನ್ನುವುದೂ ಸಾಲದು. ನಿಜವಾಗಿ ಕೂಡಿದಾಗ ಗೂಳಿ ಕೊನೆಯಲ್ಲಿ ಒಂದೇ ಒಂದು ಬಲವಾದ ನೂಕು ನೂಕುತ್ತದೆ, ಹಿಂಗಾಲುಗಳು ನೆಲದಿಂದ ಮೇಲೇಳುವಷ್ಟು. ಆ ನೂಕು ಇಲ್ಲದೆ ಮತ್ತೆ ಮತ್ತೆ ಹಾರಿ ಇಳಿಯುತ್ತಿದ್ದರೆ ಸಂಶಯ ಪಡಬೇಕು. ಇನ್ನೊಂದು ಸುಲಭ ದಾರಿಯಿದೆ. ಹಾರಿಸಿಕೊಂಡ ಹಸುವಿನ ಸಂಖ್ಯೆ ಬರೆದಿಟ್ಟು, 18ರಿಂದ 24 ದಿನಗಳ ನಡುವೆ ಅದು ಮತ್ತೆ ಬೆದೆಗೆ ಬರುತ್ತದೆಯೇ ನೋಡುವುದು. ಒಂದೆರಡು ತಿರುಗಿ ಬಂದರೆ ಸಹಜ. ಬರೆದಿಟ್ಟವೆಲ್ಲ ತಿರುಗಿ ಬಂದರೆ ಅದೇ ದಿನ ವೈದ್ಯರನ್ನು ಕರೆಯಬೇಕು, ಗಬ್ಬದ ಪರೀಕ್ಷೆಯವರೆಗೆ ಕಾಯಬಾರದು.

‘ಸೂಲಿನ ಲೆಕ್ಕ’ ಕೇಳಿದ ವಿವರಗಳನ್ನು ಬರೆಯಿರಿ. ಆಮೇಲೆ ಮುಂದಿನ ಮಾತು.

ಬೇಲಿ ಪಕ್ಕ:

ಬೇಲಿಯಾಚೆಯ ಹಿಂಡಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟ್ರೈಕೊಮೋನಿಯಾಸಿಸ್ ಎಂಬ ರೋಗವಿದೆ, ಗೂಳಿಯಿಂದ ಹಸುವಿಗೆ, ಹಸುವಿನಿಂದ ಗೂಳಿಗೆ ಕೂಡುವಾಗಲೇ ಹರಡುತ್ತದೆ. ನನ್ನ ಪರಿಚಯದ ಒಂದು ಹಿಂಡಿಗೆ ಅದು ಎರವಲು ತಂದ ಗೂಳಿಯಿಂದ ಬಂತು. ಗೂಳಿಯ ಮೈಯಲ್ಲಿ ಯಾವ ಲಕ್ಷಣವೂ ಇರಲಿಲ್ಲ. ತಿನ್ನುತ್ತಿತ್ತು, ಮಿನುಗುತ್ತಿತ್ತು, ಹಾರುತ್ತಿತ್ತು. ಹಸುಗಳು ಗಬ್ಬ ನಿಲ್ಲುತ್ತಿದ್ದವು, ಎರಡು ಮೂರು ತಿಂಗಳೊಳಗೆ ಭ್ರೂಣ ಕರಗಿ ಹೋಗುತ್ತಿತ್ತು, ಮತ್ತೆ ಬೆದೆಗೆ ಬರುತ್ತಿದ್ದವು. ಅಷ್ಟು ಸಣ್ಣ ಭ್ರೂಣ ಹುಲ್ಲಿನಲ್ಲಿ ಬಿದ್ದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಆದ್ದರಿಂದ ಕಂದು ಹಾಕಿದ್ದನ್ನು ಕಂಡಿಲ್ಲ ಎಂಬ ಮಾತಿನ ಮೇಲೆ ಹೆಚ್ಚು ಭಾರ ಹಾಕಬೇಡಿ. ಹೆಚ್ಚಿನ ಹಸುಗಳು ಕೆಲವು ತಿಂಗಳಲ್ಲಿ ತಾವಾಗಿ ಗುಣವಾಗುತ್ತವೆ. ಗೂಳಿಗೆ, ಅದರಲ್ಲೂ ನಾಲ್ಕು ವರ್ಷ ದಾಟಿದ ಗೂಳಿಗೆ, ಅದು ಜೀವನಪೂರ್ತಿ ಅಂಟಿಕೊಳ್ಳುತ್ತದೆ. ನಿಮ್ಮದಕ್ಕೆ ಐದು.

ಕೆಂಪು ಹಿಂಡು:

ಹಾಳೆ ಬರೆದೆ. ಬರೆಯುತ್ತಾ ಹೋದಂತೆ ನನಗೇ ಕೆಲವು ವಿಷಯ ಕಾಣತೊಡಗಿದವು. ಎಲ್ಲವನ್ನೂ ಇಲ್ಲಿ ಇಡುತ್ತೇನೆ.

ಮೂರು ಕಡಸುಗಳೂ ಗಬ್ಬ. ನಾಲ್ಕು ಚೊಚ್ಚಲ ಹಸುಗಳಲ್ಲಿ ಒಂದೇ ಗಬ್ಬ, ಮೂರು ಖಾಲಿ. ಬಲಿತ 17ರಲ್ಲಿ 10 ಗಬ್ಬ, ಏಳು ಖಾಲಿ. ಈ ಏಳರಲ್ಲಿ ನಾಲ್ಕು ತಡವಾಗಿ ಈದವು. ಗೂಳಿ ಬಿಟ್ಟಾಗ ಅವುಗಳ ಕರುಗಳಿಗೆ ಒಂದು ತಿಂಗಳೂ ತುಂಬಿರಲಿಲ್ಲ. ಉಳಿದ ಮೂರು, ಅಂದರೆ 6, 11, 19, ಎಲ್ಲರಿಗಿಂತ ಮೊದಲು ಈದವುಗಳಲ್ಲಿ ಸೇರಿವೆ. ಗೂಳಿ ಬಿಡುವ ಹೊತ್ತಿಗೆ ಎರಡು ತಿಂಗಳು ದಾಟಿತ್ತು. ಮೈಕಟ್ಟಿನಲ್ಲೂ ಕೊರತೆಯಿಲ್ಲ. ಒಂದರಿಂದ (ತೀರಾ ಬಡಕಲು) ಒಂಬತ್ತರ (ತೀರಾ ಕೊಬ್ಬಿದ್ದು) ಅಂಕದಲ್ಲಿ ಅವುಗಳಿಗೆ ಆರು ಕೊಡಬಹುದು, ಚೊಚ್ಚಲುಗಳಿಗೆ ನಾಲ್ಕು. ಕೂದಲು ಹೊಳೆಯುತ್ತಿದೆ, ಬಣ್ಣಗೆಟ್ಟಿಲ್ಲ.

ಇನ್ನು ತಿಂಗಳ ವಿಷಯ. ವೈದ್ಯರ ಚೀಟಿಯನ್ನು ಮತ್ತೆ ತೆಗೆದು ಓದಿದೆ. ಗಬ್ಬವಿರುವ 14ರ ಎದುರೂ ಬರೆದಿದ್ದಾರೆ: ‘ನಾಲ್ಕು’, ‘ನಾಲ್ಕು’, ‘ನಾಲ್ಕೂವರೆ’, ಮೂರ‍್ನಾಲ್ಕು ಕಡೆ ‘ಮೂರೂವರೆ ಮೇಲೆ’. ಎರಡು ಅಥವಾ ಮೂರು ತಿಂಗಳೆಂದು ಒಂದೂ ಇಲ್ಲ. ಗೂಳಿ 75 ದಿನ ಇತ್ತು, ಪರೀಕ್ಷೆ ಅದಾಗಿ 60 ದಿನಕ್ಕೆ. ಹಾಗಾದರೆ ಎರಡು ತಿಂಗಳಿನಿಂದ ನಾಲ್ಕೂವರೆ ತಿಂಗಳವರೆಗೆ ಎಲ್ಲ ಬಗೆಯ ಗಬ್ಬವೂ ಇರಬೇಕಿತ್ತಲ್ಲವೇ? ಮೊದಲ ಮೂರು ನಾಲ್ಕು ವಾರಗಳಲ್ಲಿ ನಿಂತವು ಮಾತ್ರ ಇವೆ. ಆಮೇಲೆ ಒಂದೂ ನಿಂತಿಲ್ಲ.

ಪಶುವೈದ್ಯೆ:

ನೀವು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ. ಈ ಚಿತ್ರವನ್ನು ಸ್ವಲ್ಪ ನಿಧಾನವಾಗಿ ಓದೋಣ, ಏಕೆಂದರೆ ಇದರಲ್ಲಿ ದಾರಿ ತಪ್ಪಿಸುವ ಒಂದು ಅಂಶವಿದೆ.

ಚೊಚ್ಚಲು ಮೂರು, ತಡವಾಗಿ ಈದವು ನಾಲ್ಕು. ಈ ಏಳನ್ನಷ್ಟೇ ನೋಡಿದವರು ‘ಬೆದೆಗೆ ಬಂದಿಲ್ಲ, ಮೇವು ಸಾಲದು’ ಎಂದು ತೀರ್ಮಾನಿಸುತ್ತಾರೆ. ಆದರೆ ತಡವಾಗಿ ಈದ ಬಲಿತ ಹಸುಗಳೂ ಗೂಳಿ ಬಿಟ್ಟ ನಾಲ್ಕೈದು ವಾರಗಳಿಗೆ ಬೆದೆಗೆ ಬರಬೇಕಿತ್ತು. ಆಗ ಅವುಗಳಿಗೆ ಇನ್ನೂ ಎರಡು ಸುತ್ತಿನ ಅವಕಾಶವಿತ್ತು. ನಾಲ್ಕರಲ್ಲಿ ಒಂದಾದರೂ ನಿಲ್ಲಬೇಕಿತ್ತು. 6, 11, 19 ಮೊದಲ ಸುತ್ತಿನಲ್ಲಿ ತಪ್ಪಿದ್ದು ಸಹಜ. ಒಳ್ಳೆಯ ಗೂಳಿಯಿದ್ದರೂ ಮೂರರಲ್ಲಿ ಒಂದು ಮೊದಲ ಸಲ ನಿಲ್ಲುವುದಿಲ್ಲ. ಅವು ಎರಡನೆಯ, ಮೂರನೆಯ ಸುತ್ತಿನಲ್ಲೂ ತಪ್ಪಿದ್ದು ಸಹಜವಲ್ಲ. ನಾಲ್ಕನೆಯ ವಾರದ ಸುಮಾರಿಗೆ ಗೂಳಿ ಕೆಲಸ ನಿಲ್ಲಿಸಿದೆ ಎಂದುಕೊಂಡರೆ ಈ ಎರಡೂ ಗುಂಪು ಒಂದೇ ಕಾರಣದ ಕೆಳಗೆ ಬರುತ್ತವೆ.

ಟ್ರೈಕೊಮೋನಿಯಾಸಿಸ್ ಆಗಿದ್ದರೆ ಚಿತ್ರ ಸಾಮಾನ್ಯವಾಗಿ ತಿರುಗುಮುರುಗಾಗಿರುತ್ತದೆ. ಮೊದಲು ನಿಂತ ಗಬ್ಬಗಳು ಕರಗಿ, ಉಳಿದವು ತಡವಾದ ಗಬ್ಬಗಳಾಗಿ, ಹಿಂದೆ ಮುಂದೆ ಚದುರಿಕೊಂಡಿರುತ್ತವೆ. ಕ್ಯಾಂಪೈಲೊಬ್ಯಾಕ್ಟರ್ ಎಂಬ ಇನ್ನೊಂದು ಸೋಂಕೂ ಹೀಗೆಯೇ ನಡೆದುಕೊಳ್ಳುತ್ತದೆ, ಅದಕ್ಕೆ ಲಸಿಕೆಯಿದೆ. ನಿಮ್ಮಲ್ಲಿ ಮೊದಲಿನವೇ ಗಟ್ಟಿಯಾಗಿ ಉಳಿದಿವೆ. ಆದರೂ ‘ಬೇಲಿ ಪಕ್ಕ’ ಹೇಳಿದ ಪರೀಕ್ಷೆಯನ್ನು ಬಿಡಬೇಡಿ. ಗೂಳಿಯ ವಯಸ್ಸು, ಪಕ್ಕದ ಹಿಂಡು ಎರಡೂ ಅದನ್ನು ಕೇಳುತ್ತವೆ. ಜನನಾಂಗದ ಮುಂದೊಗಲಿನ ಒಳಗಿನಿಂದ ಕೆರೆದು ತೆಗೆದ ಮಾದರಿ ಬೇಕು, ಅದಕ್ಕೆ ಮುಂಚೆ ಕನಿಷ್ಠ ಒಂದೆರಡು ವಾರ ಗೂಳಿ ಹಸುಗಳಿಂದ ದೂರವಿರಬೇಕು. ನಿಮ್ಮದು ಈಗಾಗಲೇ ದೂರವಿದೆ, ಒಳ್ಳೆಯದೇ ಆಯಿತು.

ಗೂಳಿ ಏಕೆ ನಿಲ್ಲಿಸಿತು ಎಂಬುದಕ್ಕೆ ನನ್ನ ಮನಸ್ಸಿನಲ್ಲಿ ಎರಡು ಉತ್ತರಗಳಿವೆ. ಒಂದು, ಜ್ವರ ಅಥವಾ ತೀವ್ರ ಬಿಸಿಲಿನಿಂದ ವೀರ್ಯ ಕೆಟ್ಟದ್ದು. ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು, ಆದ್ದರಿಂದ ಒಂದು ಜ್ವರದ ಪರಿಣಾಮ ಎರಡು ತಿಂಗಳವರೆಗೂ ಎಳೆಯಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ಅಂಥದ್ದು ಆಗಿದ್ದರೆ ಈಗ ವೀರ್ಯ ಸರಿಹೋಗಿರುತ್ತದೆ, ಇವತ್ತಿನ ಪರೀಕ್ಷೆಯಲ್ಲಿ ಗೂಳಿ ನಿರ್ದೋಷಿಯಾಗಿ ಕಾಣುತ್ತದೆ. ಎರಡು, ಕೂಡುವಾಗ ಹಸು ಕುಸಿದೋ ಪಕ್ಕಕ್ಕೆ ಸರಿದೋ ಜನನಾಂಗಕ್ಕೆ ಆದ ಪೆಟ್ಟು. ಒಳಗೆ ರಕ್ತ ಹೆಪ್ಪುಗಟ್ಟಿ ವೃಷಣಚೀಲದ ಸ್ವಲ್ಪ ಮುಂದೆ ಊದುತ್ತದೆ. ಊತ ಇಳಿದು ನೋವು ಹೋದ ಮೇಲೆ ಗೂಳಿ ಮತ್ತೆ ಹಾರುತ್ತದೆ, ಆದರೆ ಒಳಗಿನ ಕಲೆ ಜನನಾಂಗವನ್ನು ಪೂರ್ತಿ ಹೊರಬರಲು ಬಿಡುವುದಿಲ್ಲ. ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಆದ್ದರಿಂದ ನನ್ನ ಸಲಹೆಯ ಸಾಲು ಇದು. ಮೊದಲು ಗೂಳಿಯ ಪೂರ್ಣ ತಪಾಸಣೆ, ವೀರ್ಯದ ಜೊತೆಗೆ ಜನನಾಂಗವನ್ನು ಹೊರಚಾಚಿಸಿ ಕೈಯಿಂದ ಮುಟ್ಟಿ ನೋಡುವುದು, ಅದೇ ದಿನ ಟ್ರೈಕೊಮೋನಿಯಾಸಿಸ್ ಮಾದರಿ. ನಂತರ ಹತ್ತು ಖಾಲಿ ಹಸುಗಳ ಗರ್ಭಕೋಶ ಮತ್ತು ಅಂಡಾಶಯವನ್ನು ಸ್ಕ್ಯಾನ್ ಮಾಡಿಸುವುದು. ಕೀವು ಇದೆಯೇ, ಬೆದೆಯ ಚಕ್ರ ನಡೆಯುತ್ತಿದೆಯೇ ಎಂದು ತಿಳಿಯುತ್ತದೆ. ರಕ್ತ ತೆಗೆಸುವುದಾದರೆ ಖಾಲಿ ಹಸುಗಳದ್ದನ್ನು ಮಾತ್ರ ತೆಗೆಸಬೇಡಿ. ಲೆಪ್ಟೊಸ್ಪೈರಾ, ನಿಯೋಸ್ಪೋರಾ ಎಂಬ ಕಂದು ಹಾಕಿಸುವ ಸೋಂಕುಗಳಿಗೆ ಪ್ರತಿಕಾಯ, ಅಂದರೆ ಸೋಂಕು ತಗುಲಿದ್ದರ ರಕ್ತದ ಗುರುತು, ಆರೋಗ್ಯವಂತ ಹಸುವಿನಲ್ಲೂ ಸಿಗುತ್ತದೆ. ಗಬ್ಬದ ಹಸುಗಳ ಜೊತೆ ಹೋಲಿಸಿದಾಗ ಮಾತ್ರ ಆ ಅಂಕಿಗೆ ಅರ್ಥ. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಹೆಚ್ಚಾಗಿ ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುತ್ತದೆ. ನಿಮ್ಮ ಚಿತ್ರಕ್ಕೆ ಹೊಂದುವುದಿಲ್ಲ. ಆದರೂ ಅದು ಮನುಷ್ಯರಿಗೆ ಹರಡುವ ರೋಗವಾದ್ದರಿಂದ ರಕ್ತ ತೆಗೆದಾಗ ಅದನ್ನೂ ಸೇರಿಸಿಬಿಡಿ. ಎಂದಾದರೂ ಕಂದು ಬಿದ್ದದ್ದು ಸಿಕ್ಕರೆ ಬರಿಗೈಯಿಂದ ಮುಟ್ಟಬೇಡಿ.

ಫಲಿತಾಂಶ ಬರುವವರೆಗೆ ಆ ಹತ್ತರ ಜೊತೆ ಯಾವ ಗೂಳಿಯನ್ನೂ ಬಿಡಬೇಡಿ, ಹೊಸದನ್ನಂತೂ ಖಂಡಿತ ಬೇಡ.

ಉಪ್ಪಿನ ಗಟ್ಟಿ:

ಗೂಳಿಯ ಮಾತು ಒಪ್ಪಿದೆ. ಖನಿಜದ ಕೊರತೆ ಯಾವುದೋ ಒಂದು ವಾರದಲ್ಲಿ ಗೆರೆ ಕೊಯ್ದಂತೆ ಶುರುವಾಗುವುದಿಲ್ಲ, ಮೂರು ಕಡಸುಗಳನ್ನೂ ಬಿಟ್ಟುಬಿಡುವುದಿಲ್ಲ. ಆದರೂ ಒಂದು ಮಾತು: ಆ ಹತ್ತರಲ್ಲಿ ಯಾವುದನ್ನಾದರೂ ಕೊನೆಗೆ ಮಾಂಸಕ್ಕೆ ಕಳುಹಿಸಿದರೆ ಯಕೃತ್ತಿನ ಚೂರನ್ನು ಕೇಳಿ ಪಡೆದು ಪ್ರಯೋಗಾಲಯಕ್ಕೆ ಕೊಡಿ. ಜೀವಂತ ಹಸುವಿಗೆ ಸೂಜಿ ಹಾಕುವ ಗೋಜಿಲ್ಲದೆ ಹಿಂಡಿನ ತಾಮ್ರದ ಸ್ಥಿತಿ ತಿಳಿಯುತ್ತದೆ.

ಕೆಂಪು ಹಿಂಡು:

ಫಲಿತಾಂಶ ಬಂದಿದೆ.

ವೀರ್ಯ ಈ ಸಲವೂ ಚೆನ್ನಾಗಿದೆ. ಚಲನೆ ಸಾಕಷ್ಟಿದೆ, ಆಕಾರ ಸರಿಯಿರುವ ವೀರ್ಯಾಣುಗಳು ಶೇಕಡಾ 81. ಇಷ್ಟಕ್ಕೇ ನಿಲ್ಲಿಸಿದ್ದರೆ ಗೂಳಿಗೆ ಮತ್ತೊಂದು ಒಳ್ಳೆಯ ಚೀಟಿ ಸಿಗುತ್ತಿತ್ತು. ವೃಷಣಚೀಲದ ಮುಂದೆ ಕೈಯಾಡಿಸಿದಾಗ ಮುಷ್ಟಿ ಗಾತ್ರದ ಗಟ್ಟಿ ಗಂಟು ಸಿಕ್ಕಿತು. ಜನನಾಂಗ ಅರ್ಧದಷ್ಟು ಮಾತ್ರ ಹೊರಬಂದು ಅಲ್ಲೇ ತಡೆದು ನಿಂತಿತು. ವೈದ್ಯರು ನನ್ನ ಕೈ ಹಿಡಿದು ಆ ಗಂಟನ್ನು ಮುಟ್ಟಿಸಿದರು. ಆಗತಾನೇ ಆದ ಗಾಯವಾಗಿದ್ದರೆ ಶಸ್ತ್ರಚಿಕಿತ್ಸೆಗೋ ದೀರ್ಘ ವಿಶ್ರಾಂತಿಗೋ ಆಸೆಯಿತ್ತಂತೆ. ಕಲೆ ಇಷ್ಟು ಗಟ್ಟಿಯಾದ ಮೇಲೆ ಆ ಭರವಸೆ ಕೊಡಲಾರೆ ಎಂದರು.

ಟ್ರೈಕೊಮೋನಿಯಾಸಿಸ್ ಇಲ್ಲ, ಕ್ಯಾಂಪೈಲೊಬ್ಯಾಕ್ಟರ್ ಇಲ್ಲ. ನಾಲ್ಕು ಖಾಲಿ ಹಸುಗಳ, ನಾಲ್ಕು ಗಬ್ಬದ ಹಸುಗಳ ರಕ್ತ ಕೊಟ್ಟಿದ್ದೆ. ಎರಡು ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಬಂದಿಲ್ಲ. ಕಂದು ರೋಗವೂ ಇಲ್ಲ. ಸ್ಕ್ಯಾನಿನಲ್ಲಿ ಹತ್ತು ಗರ್ಭಕೋಶಗಳೂ ಶುದ್ಧವಾಗಿವೆ. ಎಂಟು ಹಸುಗಳಲ್ಲಿ ಬೆದೆಯ ಚಕ್ರ ಸರಿಯಾಗಿ ನಡೆಯುತ್ತಿದೆ. ಉಳಿದ ಎರಡು ಚೊಚ್ಚಲುಗಳು, ಅವುಗಳ ಅಂಡಾಶಯ ಇನ್ನೂ ಸುಮ್ಮನಿದೆ.

ಅಂದರೆ ಹತ್ತರಲ್ಲಿ ಎಂಟು ಹಸುಗಳ ಮೇಲೆ ಬರಬಹುದಾಗಿದ್ದ ತೀರ್ಪು ಸುಳ್ಳು. 11ನೆಯದು ತನ್ನ ಪಾಲಿನ ಕೆಲಸವನ್ನು ಪ್ರತಿ 21 ದಿನಕ್ಕೊಮ್ಮೆ ಮಾಡುತ್ತಲೇ ಇತ್ತು. ಇದನ್ನು ಬರೆಯುವಾಗ ನನಗೆ ಆಗುತ್ತಿರುವ ಸಮಾಧಾನ ದೊಡ್ಡದು. ಆದರೂ ಖಾಲಿ ಖಾಲಿಯೇ. ಹತ್ತನ್ನೂ ಇಟ್ಟುಕೊಳ್ಳಲೇ?

ಸೂಲಿನ ಲೆಕ್ಕ:

ಹತ್ತನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ತಪ್ಪಿಲ್ಲದ ಹಸುವೂ ಒಂದು ವರ್ಷ ಕರುವಿಲ್ಲದೆ ಮೇಯುತ್ತದೆ, ಆ ಮೇವನ್ನು ಉಳಿದ 14ರ ಕರುಗಳು ಗಳಿಸಿಕೊಡಬೇಕು. ವಯಸ್ಸಾದವು, ಹಲ್ಲು ಸವೆದವು, ಕಾಲು ಕುಂಟುವವು ಇದ್ದರೆ ಅವನ್ನು ಈಗ ಕಳುಹಿಸಿ. ತಡವಾಗಿ ಈದ ನಾಲ್ಕರಲ್ಲಿ ಪ್ರತಿ ವರ್ಷವೂ ತಡ ಮಾಡುವ ಹಸು ಇದೆಯೇ ನೋಡಿ. ಗೂಳಿ ಸರಿಯಿದ್ದಿದ್ದರೂ ಅದು ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ತಪ್ಪುತ್ತಿತ್ತು. ಉಳಿದವನ್ನು ಈಗಲೇ ಒಂದು ಚಿಕ್ಕ ಗುಂಪಾಗಿ ಗೂಳಿಗೆ ಬಿಡಬಹುದು, ಆದರೆ ಕರುಗಳು ಬೇರೆ ಕಾಲಕ್ಕೆ ಹುಟ್ಟುತ್ತವೆ. ಎರಡು ಗುಂಪುಗಳ ಕೆಲಸ ನಿಮ್ಮಿಂದ ಆಗುತ್ತದೆಯೇ ಎಂದು ಮೊದಲು ಯೋಚಿಸಿ.

ಪಶುವೈದ್ಯೆ:

ಆ ಎರಡು ಚೊಚ್ಚಲುಗಳ ಬಗ್ಗೆ ಒಂದು ಮಾತು, ಅವುಗಳ ಕಾರಣ ಬೇರೆ. ಗೂಳಿ ಎಷ್ಟೇ ಚೆನ್ನಾಗಿದ್ದರೂ ಅವು ಖಾಲಿಯೇ ಉಳಿಯುತ್ತಿದ್ದವೇನೋ. ಕರುಗಳನ್ನು ತಾಯಿಯಿಂದ ಬಿಡಿಸಿ, ಆ ಎರಡನ್ನೂ ಗಟ್ಟಿ ಹಸುಗಳಿಂದ ಬೇರೆ ಕಟ್ಟಿ ಮೇವು ಕೊಡಿ. ಒಟ್ಟಿಗೆ ಹಾಕಿದರೆ ಬಲಿತ ಹಸುಗಳು ಅವನ್ನು ತಳ್ಳಿ ತಿನ್ನುತ್ತವೆ. ಮುಂದಿನ ವರ್ಷಕ್ಕೂ ಇದೇ ಮಾತು: ಕಡಸುಗಳು ಮೊದಲ ಸಲ ಈಯುವಾಗ ಮೈಕಟ್ಟು ಆರರ ಹತ್ತಿರ ಇರಬೇಕು, ಬಲಿತವುಗಳಿಗೆ ಐದು ಸಾಕು. ಈದ ಮೇಲೆ ಮೈ ತುಂಬಿಸುವುದು ಬಹಳ ಕಷ್ಟ, ತಿಂದದ್ದೆಲ್ಲ ಹಾಲಿಗೇ ಹೋಗುತ್ತದೆ. ಒಂದು ಅಂಕ ಏರಲು ಸುಮಾರು 35ರಿಂದ 45 ಕಿಲೋ ತೂಕ ಹೆಚ್ಚಬೇಕು. ಈಯುವುದಕ್ಕೆ ಮೂರು ತಿಂಗಳು ಮೊದಲೇ ಶುರು ಮಾಡಿದರೆ ಅದು ನಿಧಾನವಾಗಿ ಆಗುತ್ತದೆ.

ಬೇಲಿ ಪಕ್ಕ:

ಹೊಸ ಗೂಳಿ ತರುವಾಗ ಹಿಂದೆ ಯಾವ ಹಸುವನ್ನೂ ಕೂಡದ ಎಳೆಯದನ್ನೇ ತನ್ನಿ. ವರ್ಷದಿಂದ ಎರಡು ವರ್ಷದೊಳಗಿನದಾದರೆ ಅದರ ವಯಸ್ಸು ಎಷ್ಟು ತಿಂಗಳೋ ಅಷ್ಟೇ ಹಸುಗಳು, ಅದಕ್ಕಿಂತ ಹೆಚ್ಚು ಬೇಡ.

ಕೆಂಪು ಹಿಂಡು:

ತೀರ್ಮಾನ ಮಾಡಿದ್ದೇನೆ. ಗೂಳಿ ಹೋಗುತ್ತದೆ. ಅದರ ಜೊತೆ ಎರಡು ಹಸುಗಳೂ: ಹಲ್ಲು ಪೂರ್ತಿ ಸವೆದ 6, ಮತ್ತು ಹಾಳೆಯಲ್ಲಿ ಹಿಂದಕ್ಕೆ ಹಿಂದಕ್ಕೆ ನೋಡಿದಾಗ ಪ್ರತಿ ವರ್ಷವೂ ಕೊನೆಯಲ್ಲೇ ಈದದ್ದು ಗೊತ್ತಾದ 15. ಎರಡರ ಯಕೃತ್ತಿನ ಮಾದರಿಗೆ ಹೇಳಿಟ್ಟಿದ್ದೇನೆ. 11ಕ್ಕೆ ಹಲ್ಲು ಇನ್ನೂ ಗಟ್ಟಿಯಾಗಿವೆ, ಅದು ಇರುತ್ತದೆ. ಎರಡು ಗುಂಪು ಮಾಡುವುದಿಲ್ಲ. ಒಬ್ಬಳೇ ನೋಡಿಕೊಳ್ಳುವ ಹಿಂಡಿಗೆ ವರ್ಷದಲ್ಲಿ ಎರಡು ಸಲ ಈಯುವ ಕಾಲ ಬಂದರೆ ನಿದ್ದೆಯೇ ಇರುವುದಿಲ್ಲ. ಉಳಿದ ಎಂಟು ಮುಂದಿನ ಸಲ ಎಲ್ಲದರ ಜೊತೆಗೇ ಹೋಗುತ್ತವೆ. ಹುಲ್ಲು ಈ ವರ್ಷ ಸಾಕಷ್ಟಿದೆ. ಚೊಚ್ಚಲು ಎರಡನ್ನೂ ಬೇರೆ ಕಟ್ಟಿದ್ದೇನೆ.

ಹೊಸದು 22 ತಿಂಗಳ ಗೂಳಿ. ಈ ಸಲದ 14 ಗಬ್ಬ, ಉಳಿಸಿಕೊಂಡ ಎಂಟು ಸೇರಿ 22 ಆಗುತ್ತವೆ. ಬಿಡುವ ಹೊತ್ತಿಗೆ ಗೂಳಿ ಎರಡು ವರ್ಷ ದಾಟಿರುತ್ತದೆ, ಆದ್ದರಿಂದ ಹೊರೆ ಹೆಚ್ಚಾಗಲಾರದು. ಹಿಂಡಿಗೆ ಬಿಟ್ಟ ಮೇಲೆ ಮೊದಲ ಸುತ್ತಿನಲ್ಲಿ ಹಾರಿಸಿಕೊಂಡ ಹಸುಗಳ ಸಂಖ್ಯೆಯನ್ನು ದಿನಾಂಕದೊಂದಿಗೆ ಬರೆದು, 18ನೆಯ ದಿನದಿಂದ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹಿಂಡಿನ ನಡುವೆ ನಿಂತು ನೋಡುತ್ತೇನೆ. ಹೊಸ ಗೂಳಿಯ ತಪಾಸಣೆಯಲ್ಲಿ ವೀರ್ಯ ಒಂದನ್ನೇ ನೋಡಿ ಮುಗಿಸದೆ ಜನನಾಂಗವನ್ನು ಪೂರ್ತಿ ಹೊರಚಾಚಿಸಿ ನೋಡಬೇಕೆಂದು ವೈದ್ಯರಿಗೆ ಈಗಲೇ ಹೇಳಿದ್ದೇನೆ.